ಅಬ್ನರ್ ಕೇಳಿದ ಕ್ಷಮೆ

ನಮ್ಮ ಹಾಡುಗಳಿಗೆ ಸಾಹಿತ್ಯ ಅಬ್ನರ್‌ದು, ರಾಗ ನನ್ನದು. ಜಗಳವಾಡಿ ನನ್ನ ಜೊತೆ ಮಾತು ಬಿಟ್ಟ, ಹಾಗೇ ಸತ್ತ. ಈಗ ಹಾಲಿವುಡ್‌ನವರು ನಮ್ಮಿಬ್ಬರ ಕಥೆಯನ್ನು ಸಿನಿಮಾ ಮಾಡುತ್ತಿದ್ದಾರೆ. ಸಲಹೆಗಾರ ಅಂತ ನನಗೊಂದು ಕುರ್ಚಿ ಹಾಕಿದ್ದಾರೆ. ಸಲಹೆ ಮಾತ್ರ ಯಾವನೂ ಕೇಳಿಲ್ಲ.

ಇವತ್ತು ಆಸ್ಪತ್ರೆಯ ದೃಶ್ಯ. ಅಬ್ನರ್ ಪಾತ್ರದ ನಟ ಮಂಚದಲ್ಲಿ ಮಲಗಿ, ನನ್ನ ಪಾತ್ರದ ಚೆಲುವನ ಕೈ ಹಿಡಿದು, "ತಪ್ಪು ನಂದೇ ಕಣೋ ಹೈಮನ್, ಕ್ಷಮಿಸಿಬಿಡು" ಅಂದ. ಅಬ್ನರ್ ಹಾಗೆ ಹೇಳುವ ಆಸಾಮಿಯೇ ಅಲ್ಲ. ಅದು ಗೊತ್ತಿದ್ದೂ ನನ್ನ ಬಾಯಿಂದ, "ಆಯ್ತು ಬಿಡೋ ಅಬ್ನರ್" ಅಂತ ಬಂದುಬಿಟ್ಟಿತು.

"ಕಟ್" ಅಂದ ನಿರ್ದೇಶಕ. "ಯಾರ್ರೀ ಮಾತಾಡಿದ್ದು? ಯಜಮಾನ್ರನ್ನ ಸ್ವಲ್ಪ ಆಚೆ ಕೂರಿಸ್ರಪ್ಪ."

ಕುರ್ಚಿ ಸಮೇತ ಆಚೆ ಕೂರಿಸಿದರು. ಬಾಗಿಲು ಮುಚ್ಚಿತು, ಮೇಲೆ ಶೂಟಿಂಗ್ ನಡೀತಿದೆ ಅನ್ನೋ ಕೆಂಪು ದೀಪ ಹತ್ತಿತು. ಒಳಗೆ ಅಬ್ನರ್ ಮತ್ತೆ ಕ್ಷಮೆ ಕೇಳುತ್ತಿದ್ದ.