ಮತ್ತಿನ ಡಾಕ್ಟರು

ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಅತ್ತ ಹೋಗದೆ ಇತ್ತ ಬಾರದೆ ನಿಂತಿತ್ತು. ಅದನ್ನು ಹೊರಗೆ ಹಾಕದಿದ್ದರೆ ಅಪ್ಪನ ಶವಪೆಟ್ಟಿಗೆ ಇಡಲು ಜಾಗವಿಲ್ಲ. ಮಗಳು ಒಳಗಿನಿಂದ ತಳ್ಳುತ್ತಿದ್ದಳು. ಸೋದರಮಾವ ಹೊರಗಿನಿಂದ ಎಳೆಯುವ ಬದಲು ಸಲಹೆ ಕೊಡುತ್ತಿದ್ದರು.

“ಕಾಲು ಬಿಚ್ಚಬೇಕಮ್ಮ.”

“ಯಾರದ್ದು ಮಾವ?”

ಇಬ್ಬರಿಗೂ ನಗು ಬಂತು. ಅದರ ಬೆನ್ನಿಗೇ ಅವಳಿಗೆ ಅಳು ಬಂತು.

ಊರಿಗೆಲ್ಲ ಅಪ್ಪ ಮತ್ತಿನ ಡಾಕ್ಟರು. ಆಪರೇಷನ್‌ಗೆ ಮುಂಚೆ ರೋಗಿಯನ್ನು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವವರಿಗೆ ಜನ ಇಟ್ಟ ಹೆಸರು. “ಅಂದ್ರೆ ಕುಡಿಸ್ತಾರಾ, ಕುಡೀತಾರಾ?” ಎಂದು ಶಾಲೆಯಲ್ಲಿ ಗೆಳತಿಯರು ಕೇಳಿದ್ದಕ್ಕೆ ಅವಳು ಮುಖ ಊದಿಸಿಕೊಂಡು ಬಂದಿದ್ದಳು. ಅಪ್ಪ ಮನೆತುಂಬ ತೂರಾಡಿಕೊಂಡು ನಡೆದು ಅವಳನ್ನು ನಗಿಸಿದ್ದರು.

ಬಂದವರಲ್ಲಿ ನೆಂಟರಿದ್ದರು, ಆಸ್ಪತ್ರೆಯವರಿದ್ದರು, ರೋಗಿಗಳು ಮಾತ್ರ ಒಬ್ಬರೂ ಇರಲಿಲ್ಲ. ಇರುವುದಾದರೂ ಹೇಗೆ? ಅವರೆಲ್ಲ ಅಪ್ಪನ ಮುಖ ನೋಡುತ್ತಾ ನಿದ್ದೆಹೋದವರು, ಎದ್ದು ಸರ್ಜನ್‌ರನ್ನು ಕೊಂಡಾಡಿದವರು.

“ಸಂಜೆಯೊಳಗೆ ಮೆಡಿಕಲ್ ಕಾಲೇಜಿಗೆ ತಿಳಿಸ್ಬೇಕಲ್ಲೇ, ಮುಂದೆ ಓದೋಕೆ ಯಾವ ವಿಭಾಗ ಅಂತ,” ಎಂದು ಅಮ್ಮ ದುಃಖದ ನಡುವೆಯೂ ನೆನಪಿಸಿದಳು.

“ಸರ್ಜರಿನೇ ತಗೋಮ್ಮ,” ಎಂದರು ಮಾವ. “ನಾಲ್ಕು ಜನ ಹೆಸರು ಹೇಳ್ಬೇಕು. ಭಾವ ಎಲೆಮರೆ ಕಾಯಿ ಹಾಗೆ ಇದ್ದು ಹೋಗ್ಬಿಟ್ರು.”

ಇದೇ ಮಾತನ್ನು ಮಗಳೂ ಆಡಿದ್ದಳು, ಅದೂ ಅಪ್ಪನ ಎದುರಿಗೇ.

*

ಹೋದ ವಾರ ಊಟದ ಮೇಜಿನಲ್ಲಿ ಅಪ್ಪ ಹೇಳಿದ್ದರು: “ನಿನ್ನ ಕೈ ಚುರುಕಾಗಿದೆ. ಇಷ್ಟ ಇದ್ರೆ ಸರ್ಜರಿ ತಗೋ. ಜನ ಹೊಗಳ್ತಾರೆ ಅಂತ ಮಾತ್ರ ತಗೋಬೇಡ.”

“ಮತ್ತೆ ನೀವ್ಯಾಕೆ ಇದನ್ನ ತಗೊಂಡ್ರಿ? ಬೇರೇದು ಸಿಗ್ಲಿಲ್ವಾ?”

“ಸಿಕ್ಕಿತ್ತು. ಓದೋವಾಗ ಮೊದಲನೇ ಸಲ ಆಪರೇಷನ್ ಥಿಯೇಟರ್ ಒಳಗೆ ಹೋದೆ. ಎಲ್ರೂ ಎಕ್ಸ್‌ರೇ ನೋಡ್ತಾ ನಿಂತಿದ್ರು. ಮೇಜಿನ ಮೇಲಿದ್ದ ಅಜ್ಜಿ ಹೆದರ್ಕೊಂಡು ಯಾರಾದ್ರೂ ತನ್ನ ಮುಖ ನೋಡ್ತಾರಾ ಅಂತ ಹುಡುಕ್ತಿದ್ರು. ಮತ್ತು ಕೊಡೋ ಡಾಕ್ಟರು ಮಾತ್ರ ತಲೆ ಪಕ್ಕದಲ್ಲಿ ಕೂತು ಅವರ ಹತ್ರ ಮಾತಾಡಿದ್ರು. ನಂಗೆ ಆ ಕುರ್ಚಿ ಬೇಕು ಅನ್ನಿಸ್ತು.”

“ಒಂದು ಕುರ್ಚಿಗೋಸ್ಕರ ಇಷ್ಟೆಲ್ಲಾ ಓದಿದ್ರಾ? ನಿಮ್ಮ ಹಾಗೆ ಯಾರಿಗೂ ಗೊತ್ತಿಲ್ದೆ ಬದುಕಿ ಸಾಯೋಕೆ ನಂಗಾಗಲ್ಲಪ್ಪ.”

ಅಪ್ಪ ನಕ್ಕ ಹಾಗೆ ಮಾಡಿ ಕೈತೊಳೆಯಲು ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಎನ್ನಲು ಅವಳು ನಾಳೆ, ನಾಡಿದ್ದು ಎಂದು ಹೊತ್ತು ನೋಡುತ್ತಿದ್ದಳು. ಅಷ್ಟರಲ್ಲಿ ಅಪ್ಪನ ಹೃದಯ ನಿಂತುಹೋಯಿತು.

*

ಶವ ಸಾಗಿಸುವ ಗಾಡಿ ಬಂತು. ಪೆಟ್ಟಿಗೆ ಎತ್ತಲು ಸರ್ಜನ್ ಮುಂದೆ ಬಂದರು. ಅಪ್ಪನ ಜೊತೆ ಉದ್ದಕ್ಕೂ ಕೆಲಸ ಮಾಡಿದವರು, ಬೆಳಗಿನಿಂದ ಗೋಡೆಗೊರಗಿ ನಿಂತಿದ್ದರು. ಅವರು ಬಲಮಗ್ಗುಲಿಗೆ ಬಂದರು, ಮಾವ ಎಡಕ್ಕೆ. ಕಾಲಿನ ಕಡೆ ಆಸ್ಪತ್ರೆಯ ಹಳೆಯ ನರ್ಸಮ್ಮ. ತಲೆಯ ಕಡೆಯ ಹಿಡಿಗೆ ಮಗಳು ಕೈಹಾಕಿದಳು.

“ಎತ್ತೋಣ್ವಾ ಸಾರ್?” ಎಂದರು ಮಾವ.

ಸರ್ಜನ್ ಬಗ್ಗಿ ಹಿಡಿ ಹಿಡಿದರು. ಎತ್ತಲಿಲ್ಲ. ತಲೆ ತಿರುಗಿಸಿ ಮಗಳು ನಿಂತ ಕಡೆಗೇ ನೋಡುತ್ತಾ ಉಳಿದರು.

“ಸಾರ್, ಏನಾಯ್ತು?”

ನರ್ಸಮ್ಮ ಮೆಲ್ಲಗೆ ಹೇಳಿದರು: “ಅಭ್ಯಾಸ ಕಣ್ರೀ. ತಲೆ ಹತ್ರ ಕೂತಿರೋ ನಮ್ಮ ಡಾಕ್ಟ್ರು ‘ಹೂಂ’ ಅನ್ನೋವರೆಗೂ ಇವರು ಒಂದಿನಾನೂ ಚಾಕು ಮುಟ್ಟಿದವರಲ್ಲ.”

ತಾನು ಕಾಯುತ್ತಿದ್ದೇನೆಂದು ಸರ್ಜನ್‌ರಿಗೂ ಗೊತ್ತಿದ್ದಂತಿರಲಿಲ್ಲ. ನಾಳೆ ಆಪರೇಷನ್ ಥಿಯೇಟರಿನಲ್ಲೂ ಇವರು ಹೀಗೇ ತಿರುಗಿ ನೋಡುತ್ತಾರೆ ಎಂದು ಮಗಳಿಗೆ ಹೊಳೆಯಿತು.

ಅವಳು ಕಾಲೂರಿ ನಿಂತು, ಅವರ ಕಣ್ಣನ್ನೇ ನೋಡಿ, “ಹೂಂ” ಎಂದಳು.

ಸರ್ಜನ್ ಎತ್ತಿದರು.