ಗೊತ್ತಾಗ್ಲಿಲ್ಲ ಸಿಸ್ಟರ್

"ಬುದ್ಧಿ ಅಂತ ಒಂದು ಇದ್ದಿದ್ರೆ ಡಾಕ್ಟರ್ ಆಗ್ತಿದ್ದೆ. ಇಲ್ಲ ಅಂತ ತಾನೇ ನರ್ಸ್ ಆಗಿರೋದು? ಮತ್ಯಾಕೆ ತಲೆ ಓಡಿಸ್ತೀಯ? ಓಡಿಸೋಕೆ ಅಲ್ಲಿ ಏನಿದೆ?"

ದೊಡ್ಡ ಡಾಕ್ಟರ್ ಹೀಗೆ ಕೇಳಿದಾಗ ಅವರ ಬೆನ್ನ ಹಿಂದಿದ್ದ ಎಂಟು ಜನ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಹನ್ನೊಂದನೇ ಮಂಚದ ಗಾರೆ ಕೆಲಸದವನೂ ನಕ್ಕ. ಯಾಕೆ ನಗುತ್ತಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಎಲ್ಲರೂ ನಗುವಾಗ ತಾನೊಬ್ಬ ಸುಮ್ಮನಿದ್ದರೆ ಡಾಕ್ಟರಿಗೆ ಬೇಜಾರಾದೀತೆಂದು ನಕ್ಕ. ಎದೆಬಡಿತ ಹದ ತಪ್ಪಿ ಓಡುತ್ತಿದೆಯೆಂದು ಅವನನ್ನು ಹಿಂದಿನ ದಿನವಷ್ಟೇ ಸೇರಿಸಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟ್ ಇತ್ತು.

ಸಿಸ್ಟರ್ ಫೈಲು ಹಿಡಿದು ನಿಂತಿದ್ದಳು. ಅವಳು ಕೇಳಿದ್ದು ಇಷ್ಟೇ: "ಸರ್, ನಂಗೆ ಗೊತ್ತಾಗ್ಲಿಲ್ಲ. ಇಲ್ಲಿ ಚುಕ್ಕಿ ಎರಡಕ್ಕೆ ಮೊದಲು ಇದೆಯಾ, ಆಮೇಲೆ ಇದೆಯಾ?"

ಗೊತ್ತಾಗದೆ ಕೇಳಿದ್ದಲ್ಲ. ಡಾಕ್ಟರ್ ಬರೆದ ಮದ್ದಿನ ಅಳತೆಯಲ್ಲಿ ಚುಕ್ಕಿ ಎರಡು ಮತ್ತು ಐದರ ನಡುವೆ ಕಣ್ಣಿಗೆ ರಾಚುವಂತೆ ಕೂತಿತ್ತು. ಅದು ಓಡುವ ಎದೆಯನ್ನು ಹಿಡಿದು ನಿಧಾನ ಮಾಡುವ ಮದ್ದು. ಕೊಡುವುದು ಕಾಲು ಮಿಲಿಗ್ರಾಂ, ಚುಕ್ಕಿ ಎರಡಕ್ಕೆ ಮೊದಲು. ಅಂದರೆ ಒಂದು ಸಣ್ಣ ಗಾಜಿನ ಆಂಪೂಲ್ ಒಡೆದು ಅದರಲ್ಲಿ ಅರ್ಧ. ಎರಡೂವರೆ ಎಂದರೆ ಐದು ಆಂಪೂಲ್ ಒಡೆಯಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಆ ಮದ್ದಿಗೆ ಅವಳು ಒಂದೇ ಸಲಕ್ಕೆ ಐದು ಒಡೆದದ್ದಿಲ್ಲ. ಐದು ಒಡೆದರೆ ಎದೆ ನಿಧಾನವಾಗುವುದಿಲ್ಲ, ನಿಂತುಹೋಗುತ್ತದೆ.

ಹೀಗೆ ಕೇಳುವುದನ್ನು ಅವಳಿಗೆ ಕಲಿಸಿದ್ದು ಆಗ ವಾರ್ಡಿನ ಹಿರಿಯ ನರ್ಸ್, ಈಗ ನರ್ಸುಗಳಿಗೆಲ್ಲ ಮೇಲಿನ ಮೇಟ್ರನ್ ಆಗಿರುವ ಅಕ್ಕ. ಕೆಲಸಕ್ಕೆ ಸೇರಿದ ಮೊದಲ ವಾರವೇ ಮೂಲೆಗೆ ಕರೆದು ಹೇಳಿಕೊಟ್ಟಿದ್ದಳು: "ಗೊತ್ತಿದೆ ಅಂತ ಬಾಯಿ ಬಿಡಬೇಡ ಕಣೆ. ಗೊತ್ತಾಗ್ಲಿಲ್ಲ ಅಂತ ಕೇಳು. ಅವ್ರು ಬೈತಾರೆ, ಬೈಕೊಂಡೇ ಮತ್ತೆ ನೋಡ್ತಾರೆ, ತಿದ್ಕೋತಾರೆ. ಅವ್ರ ಮರ್ಯಾದೆ ಉಳಿಯುತ್ತೆ, ರೋಗಿ ಉಳೀತಾನೆ."

ಆ ಉಪಾಯ ಚೆನ್ನಾಗಿಯೇ ನಡೆದಿತ್ತು. ಎಷ್ಟೋ ಮಂದಿ ರೋಗಿಗಳು ಅವಳ ದಡ್ಡತನದಿಂದ ಬದುಕಿ ಮನೆಗೆ ಹೋಗಿದ್ದರು, ಹೋಗುವಾಗ ಡಾಕ್ಟರಿಗೆ ಕೈಮುಗಿದಿದ್ದರು. ಡಾಕ್ಟರುಗಳ ಕೋಣೆಯಲ್ಲಿ ಅವಳಿಗೆ 'ಗೊತ್ತಾಗ್ಲಿಲ್ಲ ಸಿಸ್ಟರ್' ಎಂದೇ ಹೆಸರು. ಮನೆಯಲ್ಲೂ ಅಷ್ಟಕ್ಕಷ್ಟೇ. ಮಕ್ಕಳಿಗೆ ಜ್ವರ ಬಂದರೆ ಜೊತೆಗಿದ್ದ ಭಾವ ಅವಳನ್ನು ದಾಟಿಕೊಂಡು ಔಷಧಿ ಅಂಗಡಿಯವನನ್ನು ಕೇಳಲು ಹೋಗುತ್ತಿದ್ದರು. "ನೀನು ಸೂಜಿ ಚುಚ್ಚೋಳು, ಪಾಪ, ನಿಂಗೆಲ್ಲಿಂದ ಗೊತ್ತಿರುತ್ತೆ" ಎಂದು ಅನುಕಂಪದಿಂದಲೇ ಹೇಳುತ್ತಿದ್ದರು. ಮೊದಮೊದಲು ಉರಿಯುತ್ತಿತ್ತು. ಆಮೇಲೆ ಆ ಜಾಗ ಜೋಮು ಹಿಡಿಯಿತು.

ಇವತ್ತು ಡಾಕ್ಟರ್ ಬೈದರು, ಆದರೆ ಮತ್ತೆ ನೋಡಲಿಲ್ಲ.

"ಎರಡೂವರೆ. ಎರಡೂವರೆ ಓದೋಕೂ ಬರಲ್ವಾ? ಬರೆದಷ್ಟು ಕೊಡು. ಕೈ ಓಡಿಸು, ತಲೆ ಅಲ್ಲ," ಎಂದು ಮುಂದಿನ ಮಂಚಕ್ಕೆ ಹೋದರು. ವಿದ್ಯಾರ್ಥಿಗಳು ಹಿಂದೆ ಹೋದರು.

ಅರ್ಧ ಗಂಟೆ ಬಿಟ್ಟು ಅವಳು ಫೋನ್ ಮಾಡಿದಳು. "ಸರ್, ಹನ್ನೊಂದನೇ ಮಂಚದ್ದು, ಮತ್ತೆ ಗೊತ್ತಾಗ್ಲಿಲ್ಲ…"

"ಥೂ ನಿನ್ನ! ಇನ್ನೊಂದು ಸಲ ಫೋನ್ ಬಂದ್ರೆ ನಾಳೆಯಿಂದ ಕೊಳೆಬಟ್ಟೆ ಕೋಣೆಗೆ ಹೋಗ್ತೀಯ. ಮುಚ್ಕೊಂಡು ಕೊಡು."

ಅದು ಬರೀ ಬಾಯಿಮಾತಲ್ಲ. ಹೋದ ತಿಂಗಳು ಪಕ್ಕದ ವಾರ್ಡಿನ ಹೊಸಬಳೊಬ್ಬಳು "ಇದು ಜಾಸ್ತಿ ಸರ್, ನಾನು ಕೊಡಲ್ಲ" ಎಂದು ಮುಖಕ್ಕೆ ಹೇಳಿಬಿಟ್ಟಿದ್ದಳು. ಈಗ ಅವಳು ನೆಲಮಾಳಿಗೆಯಲ್ಲಿ ರಕ್ತ, ಮಲ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ವಿಂಗಡಿಸುತ್ತಾಳೆ.

ಸಿಸ್ಟರ್ ಐದು ಆಂಪೂಲ್ ಒಡೆದಳು. ಟಕ್, ಟಕ್, ಟಕ್, ಟಕ್, ಟಕ್. ಮೂರನೆಯದಕ್ಕೆ ಕೈ ನಿಂತಿತು, ಆಮೇಲೆ ತಾನಾಗಿಯೇ ಮುಂದುವರಿಯಿತು.

"ಡಾಕ್ಟ್ರು ಬೈದ್ರು ಅಂತ ಸಿಟ್ಟೆಲ್ಲ ನನ್ ಮೇಲೆ ತೀರಿಸ್ಕೋಬೇಡಿ ಸಿಸ್ಟರ್, ಮೆಲ್ಲಗೆ ಚುಚ್ಚಿ," ಎಂದ ಗಾರೆ ಕೆಲಸದವನು.

"ಮೆಲ್ಲಗೇ ಚುಚ್ತೀನಿ," ಎಂದಳು. ಮೆಲ್ಲಗೇ ಚುಚ್ಚಿದಳು.

ಮಧ್ಯಾಹ್ನ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಅವನು ಸತ್ತಿದ್ದ.

ಅವನ ಹೆಂಡತಿ ಇಟ್ಟಿಗೆ ಹೊರುವವಳು. ಕೆಲಸದಿಂದ ಹಾಗೇ ಓಡಿಬಂದಿದ್ದಳು, ತಲೆಯ ಮೇಲೆ ಬಟ್ಟೆಯ ಸಿಂಬಿ ಇನ್ನೂ ಇತ್ತು. ತೆಗೆಯಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ತೆಗೆ ಎಂದು ಯಾರೂ ಹೇಳಿರಲಿಲ್ಲ. ಎದೆ ನಿಂತುಹೋಯಿತು ಎಂದಷ್ಟೇ ಹೇಳಿ ಡಾಕ್ಟರ್ ಒಳಗೆ ಹೋಗಿದ್ದರು.

"ಸಿಸ್ಟರಮ್ಮ, ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ. ಏನಾಯ್ತು ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಮ್ಮ. ಡಾಕ್ಟರನ್ನ ಕೇಳಿ," ಎಂದಿತು ಸಿಸ್ಟರಿನ ಬಾಯಿ. ಅದಕ್ಕೆ ಬೇರೆ ಮಾತು ಅಭ್ಯಾಸವಿರಲಿಲ್ಲ.

ಮೂರು ಗಂಟೆಗೆ ಮೇಟ್ರನ್ ಕರೆಸಿದಳು. ಬಾಗಿಲು ಹಾಕಿ, ತಾನೇ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಮೇಜಿನ ಮೇಲೆ ಹನ್ನೊಂದನೇ ಮಂಚದ ಫೈಲು ತೆರೆದಿತ್ತು. ಎರಡು ಮತ್ತು ಐದರ ನಡುವೆ ಈಗ ಶಾಯಿ ಚೆಲ್ಲಿದ ಕಲೆ ಇತ್ತು. ಎರಡಕ್ಕೆ ಮೊದಲು ಹೊಸದೊಂದು ಚುಕ್ಕಿ ಮುದ್ದಾಗಿ ಕೂತಿತ್ತು.

"ನೋಡು, ಬರೆದುಕೊಡಬೇಕು," ಎಂದು ಮೇಟ್ರನ್ ಒಂದು ಚೀಟಿ ಮುಂದೆ ತಳ್ಳಿದಳು. ಅದರಲ್ಲಿ ಹೀಗಿತ್ತು: 'ಡಾಕ್ಟರ್ ಬರೆದದ್ದು ನನಗೆ ಗೊತ್ತಾಗಲಿಲ್ಲ, ತಪ್ಪಾಗಿ ಓದಿ ಹೆಚ್ಚು ಮದ್ದು ಕೊಟ್ಟೆ, ಕ್ಷಮಿಸಬೇಕು.' "ನಿನ್ನ ಕೈಬರಹದಲ್ಲಿ ಇಷ್ಟೇ ಬರಿ. ಒಂದು ನೋಟೀಸ್ ಕೊಟ್ಟು ಬಿಟ್ಬಿಡ್ತಾರೆ. ಮಾತಾಡಿದ್ದೀನಿ."

"ನಂಗೆ ಗೊತ್ತಾಗಿತ್ತಲ್ಲ ಅಕ್ಕ."

"ಗೊತ್ತಾಗ್ಲಿಲ್ಲ ಅಂತ ನೀನೇ ಅಂದಿದ್ದೀಯ. ಎಂಟು ಜನ ಕೇಳಿಸ್ಕೊಂಡಿದ್ದಾರೆ. ಫೋನಲ್ಲೂ ಹಾಗೇ ಅಂದಿದ್ದೀಯ."

"ಹಾಗೆ ಅನ್ನು ಅಂತ ಕಲಿಸಿದ್ದು ನೀವು."

ಮೇಟ್ರನ್ ಕಿಟಕಿಯ ಕಡೆ ನೋಡಿದಳು. ಅವಳ ಕೂದಲೆಲ್ಲ ಇದೇ ಆಸ್ಪತ್ರೆಯಲ್ಲಿ ಬೆಳ್ಳಗಾಗಿತ್ತು. "ನಾನೂ ಹಾಗೇ ಅಂದ್ಕೊಂಡೇ ಈ ಕುರ್ಚಿಗೆ ಬಂದೆ ಕಣೆ. ಹೊರಗೆ ಜನಕ್ಕೆ ಹೇಳಿದ್ರೂ ನಂಬ್ತಾರೆ ನೋಡು. ನರ್ಸ್ ಅಲ್ವಾ, ಪಾಪ, ಏನು ಗೊತ್ತಿರುತ್ತೆ ಅಂತಾರೆ. ದಡ್ಡಿ ಅಂತ ಯಾರನ್ನೂ ಜೈಲಿಗೆ ಹಾಕಲ್ಲ. ಗೊತ್ತಿತ್ತು ಅಂದ್ರೆ ಹಾಕ್ತಾರೆ."

ಇದು ನಿಜವೇ ಆಗಿತ್ತು. ಜನರೆಲ್ಲ ಸೇರಿ ಅವಳಿಗೆ ಹೊದಿಸಿದ್ದ ದಡ್ಡತನ ಇವತ್ತು ಅವಳನ್ನು ಬೆಚ್ಚಗೆ ಕಾಯುತ್ತಿತ್ತು. ಸಿಸ್ಟರಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಐದು ಸಲ ಟಕ್ ಎಂದದ್ದು ಮಾತ್ರ ಬೆರಳಿನಲ್ಲಿ ಇನ್ನೂ ಇತ್ತು. ಆ ಬೆರಳಿಗೆ ಗೊತ್ತಿತ್ತು. ಮೂರನೆಯದಕ್ಕೆ ನಿಂತಿತ್ತು.

"ವಾರ್ಡಿಗೆ ಹೋಗಿ ಬರೆದು ತರ್ತೀನಿ," ಎಂದಳು.

ವಾರ್ಡಿನ ಮೇಜಿನಲ್ಲಿ ಕೂತು, ಬಿಳಿ ಹಾಳೆಯ ಕೆಳಗೆ ಕಾರ್ಬನ್ ಇಟ್ಟಳು. ಸೂಜಿ ಬೇಕೆಂದರೂ ಹತ್ತಿ ಬೇಕೆಂದರೂ ಎರಡು ಪ್ರತಿ ಬರೆದು ರೂಢಿಯಾದ ಕೈ ಅದು. ನಾಲ್ಕು ಸಾಲು ಬರೆದಳು. ಕೆಳಗೆ ಸಹಿ, ಸಮಯ. ಅಕ್ಷರ ದುಂಡಗೆ, ಯಾರಿಗಾದರೂ ಗೊತ್ತಾಗುವ ಹಾಗಿತ್ತು.

ಮೇಲಿನ ಹಾಳೆಯನ್ನು ಮೇಟ್ರನ್ನಿನ ಮೇಜಿನ ಮೇಲಿಟ್ಟು, ಓದುವುದಕ್ಕೆ ಕಾಯದೆ ಹೊರಬಂದಳು. ಗಾರೆಯವನ ಹೆಂಡತಿ ಹೆಣಕ್ಕಾಗಿ ಕಾಯುತ್ತ ಬೆಂಚಿನ ಮೇಲಿದ್ದಳು. ಸಿಸ್ಟರ್ ಅವಳ ಪಕ್ಕ ಕೂತು ಕಾರ್ಬನ್ ಪ್ರತಿಯನ್ನು ಕೈಯಲ್ಲಿಟ್ಟಳು.

"ನಂಗೆ ಓದೋಕೆ ಬರಲ್ಲ ಸಿಸ್ಟರಮ್ಮ. ಏನ್ ಬರೆದಿದೆ?"

ಸಿಸ್ಟರ್ ಓದಿದಳು. "ಡಾಕ್ಟರ್ ಬರೆದದ್ದು ಎರಡೂವರೆ. ಅದು ಹತ್ತು ಪಟ್ಟು ಹೆಚ್ಚು, ಕೊಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಎರಡು ಸಲ ಕೇಳಿದೆ, ಗೊತ್ತಿದ್ದವಳ ಹಾಗೆ ಒಂದು ಸಲವೂ ಹೇಳಲಿಲ್ಲ. ಗೊತ್ತಿದ್ದೂ ಕೊಟ್ಟೆ."

ಹೆಂಗಸು ತಲೆಯ ಮೇಲಿನ ಸಿಂಬಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಇಟ್ಟಿಗೆ ಹೊತ್ತು ಒರಟಾದ ಕೈಯಿಂದ ಸಿಸ್ಟರಿನ ಮಣಿಕಟ್ಟು ಹಿಡಿದಳು. ಹಿಡಿತಕ್ಕೆ ಮೂಳೆ ನೋಯಿತು. ಬೆಳಗಿನಿಂದ ಸಿಸ್ಟರಿಗೆ ನೋವೆಂದು ತಿಳಿದದ್ದು ಅದೊಂದೇ.

ಹಿಂದೆ ಬಾಗಿಲು ಧಡ್ಡನೆ ತೆರೆಯಿತು. "ಏನ್ ಬರೆದಿದ್ದಾಳೆ ನೋಡಿ ಈ ಮುಂಡೆ! ತಲೆ ನೆಟ್ಟಗಿದೆಯಾ ಅವಳಿಗೆ? ಎಳ್ಕೊಂಡು ಬನ್ನಿ ಒಳಗೆ!" ದೊಡ್ಡ ಡಾಕ್ಟರ್ ಕೂಗುತ್ತಿದ್ದರು. ಮೇಟ್ರನ್ನಿನ ಚಪ್ಪಲಿಯ ಸದ್ದು ಬೆಂಚಿನ ಕಡೆಗೇ ಬರುತ್ತಿತ್ತು.

ಹೆಂಗಸು ಅತ್ತ ತಿರುಗಲಿಲ್ಲ, ಹಿಡಿದ ಕೈ ಬಿಡಲಿಲ್ಲ.

"ಇನ್ನೊಂದು ಸಲ ಓದು," ಎಂದಳು.

ಸಿಸ್ಟರ್ ಮೊದಲಿನಿಂದ ಓದತೊಡಗಿದಳು.