ಬಿಚ್ಚದೆ ಉಳಿದ ಗಂಟು

ಹೊಲಿಗೆ ಅಂಗಡಿಯಲ್ಲಿ ಕೈ ಖಾಲಿಯಿಲ್ಲದಾಗ ಯಾರಾದರೂ ಕೆಲಸ ಹೇಳಿದರೆ ಮಣಿಕಟ್ಟಿನ ದಾರಕ್ಕೊಂದು ಗಂಟು ಹಾಕಿಕೊಳ್ಳುವುದು ರೂಢಿ. ಕೆಲಸ ಮುಗಿದ ಮೇಲೆ ಅದನ್ನು ಉಗುರಿನಿಂದಲೇ ಬಿಚ್ಚಬೇಕು. ಕತ್ತರಿ ಹಾಕಿದವರನ್ನು ಗುಂಡಿಗೆ ಕಾಜಾ ಹಾಕುವ ಅಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. "ಕೆಲಸಗಳ್ಳಿ ಕಣೇ ನೀನು!" ಎಂದು ಇಡೀ ಅಂಗಡಿಗೆ ಕೇಳುವಂತೆ ಛೇಡಿಸುತ್ತಿದ್ದಳು.

ಅಂಗಿಗೆ ತೋಳು ಕೂಡಿಸುವವಳ ದಾರದ ತುಂಬ ಇವತ್ತು ಗಂಟುಗಳು. ಒಂದೊಂದೂ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ. ಹಿಂದಿನ ಡಾಕ್ಟರುಗಳ ಮುಂದೆ ಬಾಯಿ ಕಟ್ಟಿಹೋಗಿ ವಾಪಸು ಬಂದಿದ್ದಳಲ್ಲ, ಅದಕ್ಕೆ ಅಕ್ಕ ಹೇಳಿಕೊಟ್ಟ ಉಪಾಯ.

ಮಗಳು ಬಾಯಿ ಬಿಟ್ಟರೆ ಮಾತು ನಿಲ್ಲುವುದಿಲ್ಲ, ಹಾಗಾಗಿ ಅಂಗಡಿಯವರೆಲ್ಲ ಅವಳನ್ನು ರೀಲು ಎಂದೇ ಕರೆಯುತ್ತಾರೆ. ಹೊತ್ತು ಮುಳುಗಿದರೆ ಸಾಕು, ಹೊಸ್ತಿಲು, ಬಕೆಟ್ಟು, ಚಪ್ಪಲಿ, ಸಿಕ್ಕಿದ್ದಕ್ಕೆಲ್ಲ ಎಡವುವಳು. "ಕಣ್ಣು ಎಲ್ಲಿಟ್ಕೊಂಡು ನಡೀತೀಯೇ?" ಎಂದು ತಾಯಿಯೇ ಬೆನ್ನಿಗೆ ಗುದ್ದಿದ್ದೂ ಉಂಟು. ಕನ್ನಡಕದಂಗಡಿಯವನು ಕನ್ನಡಕ ಕೊಟ್ಟ. ಒಬ್ಬ ಡಾಕ್ಟರು ಕ್ಯಾರೆಟ್ ತಿನ್ನಿಸು ಎಂದ. ಇನ್ನೊಬ್ಬ, ಮಗು ನಾಟಕ ಮಾಡ್ತಿದೆ ಎಂದ. ಕೊನೆಗೆ ಪ್ಯಾಂಟಿನ ಅಂಚು ಬಿಚ್ಚಿಸಲು ಬಂದ ನರ್ಸಮ್ಮ, ರೀಲು ಮುಸ್ಸಂಜೆ ಮಬ್ಬಿನಲ್ಲಿ ಕುರ್ಚಿಗಾಗಿ ತಡಕಾಡುವುದನ್ನು ನೋಡಿ, "ಕಣ್ಣಿನ ಹಿಂದಿನ ಪರದೆಯ ತೊಂದರೆ ಇರಬಹುದು ಕಣ್ರೀ. ಮಕ್ಕಳ ರೆಟಿನಾ ನೋಡೋರು ಬೇರೇನೇ ಇರ್ತಾರೆ" ಎಂದು ಈ ದೊಡ್ಡಾಸ್ಪತ್ರೆ ತೋರಿಸಿದ್ದಳು. ಹೇಳುವುದೇನೋ ಸುಲಭ. ಆ ಬಾಗಿಲು ಮುಟ್ಟುವಷ್ಟರಲ್ಲಿ ಒಂದು ಚಳಿಗಾಲ, ಒಂದು ಬೇಸಿಗೆ ಕಳೆದವು. ಸರದಿಯಲ್ಲಿ ಬಡವರು ಕಾಯುತ್ತಾರೆ, ಸರಿ. ಅವರ ಮಕ್ಕಳ ಕಣ್ಣು ಕಾಯುತ್ತದೆಯೇ?

ಕತ್ತಲೆ ಕೋಣೆಯಲ್ಲಿ ದೊಡ್ಡ ಡಾಕ್ಟರು ರೀಲುವಿನ ಗಲ್ಲವನ್ನು ಯಂತ್ರಕ್ಕೆ ಆನಿಸಿ ನೋಡಿದರು. ಅವರ ಮುಖ ಅರಳಿತು.

"ಬನ್ನಿ ಬನ್ನಿ, ಎಲ್ಲರೂ ನೋಡಿ. ಇಷ್ಟು ಸ್ಪಷ್ಟವಾಗಿ ಸಿಗೋದು ಅಪರೂಪ."

ಕಲಿಯುವ ಡಾಕ್ಟರುಗಳು ಒಬ್ಬೊಬ್ಬರಾಗಿ ಬಗ್ಗಿದರು, ಕೊಳ್ಳದೆ ಹೋಗುವವರು ಬಟ್ಟೆಯ ಥಾನು ಬಿಚ್ಚಿಸಿ ನೋಡುವ ಹಾಗೆ.

"ಸಾರ್, ಸ್ವಲ್ಪ ಕೇಳಬೇಕಿತ್ತು."

"ಕೇಳಮ್ಮ. ಬೇಗ."

ಅವಳು ಮೊದಲ ಗಂಟಿಗೆ ಉಗುರು ಹಾಕಿದಳು. "ಆಪರೇಷನ್ ಮಾಡಿದ್ರೆ?"

"ಇದಕ್ಕೆ ಆಪರೇಷನ್ ಇಲ್ಲ."

"ಔಷಧಿ?"

"ರಕ್ತ ಪರೀಕ್ಷೆ ಮಾಡಿಸೋಣ, ಯಾವ ಜೀನಿಂದ ಬಂದಿದೆ ಅಂತ ಗೊತ್ತಾಗುತ್ತೆ."

"ಗೊತ್ತಾದ್ರೆ ವಾಸಿಯಾಗುತ್ತಾ ಸಾರ್?"

"ಎಲ್ಲೋ ಕೆಲವಕ್ಕೆ ಚಿಕಿತ್ಸೆ ಬಂದಿದೆ. ಇದು ಅದೇ ಆಗಿರೋದು ಕಷ್ಟ."

"ಬಸುರಿದ್ದಾಗ ನಾನು ಹಗಲೂ ರಾತ್ರಿ ಮೆಷಿನ್ ತುಳಿದೆ. ಅದರಿಂದ ಏನಾದ್ರೂ..."

"ಛೆ, ಅದರಿಂದ ಅಲ್ಲಮ್ಮ." ಅವರು ಮೊದಲ ಸಲ ಅವಳ ಮುಖ ನೋಡಿದರು. ಅವಳು ಆ ಗಂಟನ್ನೂ ಬಿಚ್ಚಿದಳು.

ಉಳಿದದ್ದು ಒಂದೇ, ಎಲ್ಲಕ್ಕಿಂತ ಬಿಗಿಯಾಗಿ ಹಾಕಿದ್ದು. ಮುಂದೆ ಆಗುವುದನ್ನು ಮಗುವಿಗೆ ಹೇಳಬೇಕೇ, ಹೇಳುವುದಾದರೆ ಹೇಗೆ? ಅದನ್ನು ಮಗಳ ಎದುರಿಗೇ ಕೇಳುವುದುಂಟೆ?

"ಇವಳನ್ನ ಒಂದ್ ಗಳಿಗೆ ಹೊರಗೆ ಕೂರಿಸಿ ಬರ್ಲಾ ಸಾರ್?" ಎನ್ನುವಷ್ಟರಲ್ಲಿ ಅವರು ಕಲಿಯುವವರತ್ತ ತಿರುಗಿಯಾಗಿತ್ತು.

"ಮೊದಲು ರಾತ್ರಿ ನೋಟ ಹೋಗುತ್ತೆ. ಆಮೇಲೆ ಪಕ್ಕದ್ದು. ಇಪ್ಪತ್ತು ದಾಟೋ ಹೊತ್ತಿಗೆ ಕೊಳವೆಯೊಳಗಿಂದ ನೋಡಿದ ಹಾಗೆ. ಕಡೆಗೆ ಅದೂ ಹೋಗಬಹುದು."

ಅದು ಪಾಠ. ಕುರ್ಚಿಯಲ್ಲಿ ಕೂತ ಪಾಠಕ್ಕೆ ಕಿವಿ ಇದೆ ಎಂಬುದು ಅಷ್ಟೆಲ್ಲ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಾಯಿ ಮುಚ್ಚಿ ಎಂದು ಕಿರುಚಬೇಕೆನಿಸಿತು ತಾಯಿಗೆ. ಬಾಯಿಂದ ಬಂದದ್ದು, "ಥ್ಯಾಂಕ್ಸ್ ಸಾರ್."

ಹೊರಗಿನ ಬೆಂಚಿನಲ್ಲಿ ರೀಲು ಅಮ್ಮನಿಗೆ ಒತ್ತಿ ಕೂತಳು. ಔಷಧಿ ಬಿಟ್ಟ ಕಣ್ಣಿಗೆ ಎಲ್ಲ ಮಂಜು ಮಂಜು. ಅಮ್ಮನ ಮಣಿಕಟ್ಟು ಹುಡುಕಿ ದಾರ ತಡವಿದಳು.

"ಅಮ್ಮಾ, ಒಂದು ಉಳಿದುಬಿಟ್ಟಿದೆ. ಕೇಳೋದು ಮರೆತ್ಯಾ? ಕಾಜಾ ದೊಡ್ಡಮ್ಮ ಬಯ್ತಾರೆ ನೋಡು."

"ಕೇಳೋಕೆ ಮುಂಚೆ ಅವರೇ ಹೇಳಿಬಿಟ್ರು ಮರಿ."

"ಹಂಗಾದ್ರೆ ಬಿಚ್ಚು."

ಅವಳು ಉಗುರು ಹಾಕಿದಳು. ಜಗ್ಗಲಿಲ್ಲ. ಕತ್ತರಿ ಬ್ಯಾಗಿನಲ್ಲೇ ಇತ್ತು.

"ಬಿಡು, ನಿಂಗಾಗಲ್ಲ" ಎಂದು ರೀಲು ಅಮ್ಮನ ಕೈಯನ್ನು ತೊಡೆಯ ಮೇಲೆಳೆದುಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದಳು.

"ಕಣ್ಣು ಯಾಕೇ ಮುಚ್ಕೊಂಡೆ?"

"ಅಭ್ಯಾಸ ಮಾಡ್ಕೊಳ್ತಿದ್ದೀನಿ."

ತಾಯಿ ಕೈ ಕೊಟ್ಟು ಕೂತಳು. ಆ ಪುಟ್ಟ ಬೆರಳುಗಳು ಜಾರಿ ಜಾರಿ ಮತ್ತೆ ಅದೇ ಗಂಟಿಗೆ ಬರುತ್ತಿದ್ದವು.